ನೌಕಾಪಡೆಯ ಆಸ್ಪತ್ರೆ ಹಡಗುಗಳು ಬೇರೆ ದೇಶದವರಿಗೆ ನಿಜವಾಗ್ಲೂ ಪುಕ್ಕಟೆ ಚಿಕಿತ್ಸೆ ಕೊಡುತ್ತವಾ? ಯಾಕೆ?

ಹೌದು, ರೋಗಿಯ ಹತ್ತಿರ ದುಡ್ಡು ತಗೊಳ್ಳುವುದಿಲ್ಲ. ಅಮೆರಿಕದ ಮರ್ಸಿ, ಕಂಫರ್ಟ್ ಅನ್ನುವ ಆಸ್ಪತ್ರೆ ಹಡಗುಗಳು ಎರಡೂ ಮೊದಲು ಎಣ್ಣೆ ಸಾಗಿಸುವ ಟ್ಯಾಂಕರ್‌ಗಳಾಗಿದ್ದವು. ಈಗ ಒಂದೊಂದರಲ್ಲೂ 1,000 ಹಾಸಿಗೆ, 12 ಆಪರೇಷನ್ ಥಿಯೇಟರ್ ಇವೆ. ಹುಬ್ಬಳ್ಳಿ ಕಿಮ್ಸ್‌ನಂಥ ಆಸ್ಪತ್ರೆಯೇ ನೀರಿನ ಮೇಲೆ ತೇಲಿ ಬಂತು ಅಂದ್ಕೊಳ್ಳಿ. ಮೈಯೆಲ್ಲ ಬಿಳಿ, ಮೇಲೆ ದೊಡ್ಡ ಕೆಂಪು ಶಿಲುಬೆ. ಜಿನೀವಾ ಒಪ್ಪಂದದ ಪ್ರಕಾರ ಯುದ್ಧದಲ್ಲೂ ಇವುಗಳ ಮೇಲೆ ದಾಳಿ ಮಾಡುವಂತಿಲ್ಲ.

2010ರ ಭೂಕಂಪದ ನಂತರ ಕಂಫರ್ಟ್ ಹೈಟಿಗೆ ಹೋಗಿತ್ತು. ಚೀನಾದ ಪೀಸ್ ಆರ್ಕ್ ಕೂಡ ಇಂಥದ್ದೇ. 2004ರ ಸುನಾಮಿ ಬಂದಾಗ ನಮ್ಮ ನೌಕಾಪಡೆಯೂ ಸಮುದ್ರ ಸರ್ವೆ ಮಾಡುವ ನಿರೂಪಕ್ ಹಡಗನ್ನೇ ಆಸ್ಪತ್ರೆ ಮಾಡಿ ಇಂಡೋನೇಷ್ಯಾಕ್ಕೆ ಕಳಿಸಿತ್ತು.

ಯಾಕೆ ಅಂದ್ರೆ, ಯುದ್ಧ ಇಲ್ಲದಾಗ ಡಾಕ್ಟರ್‌ಗಳ ಕೈ ಪಳಗಿರಬೇಕು, ಜೊತೆಗೆ ಆ ದೇಶದ ಸ್ನೇಹವೂ ಬೇಕು. ಅದು ತಪ್ಪು ಅಂತ ನನಗೆ ಅನಿಸುವುದಿಲ್ಲ.

ಆದರೆ ಹಡಗು ಕೆಲವೇ ದಿನ ಇರುತ್ತದೆ. ಹಾವೇರಿ ಕಡೆ ಒಂದು ಉಚಿತ ಶಿಬಿರದಲ್ಲಿ ನಮ್ಮ ಅಜ್ಜಿಗೆ ಕಣ್ಣಿನ ಪೊರೆ ತೆಗೆದಿದ್ದರು. ಕಪ್ಪು ಕನ್ನಡಕ ಹಾಕ್ಕೊಂಡು ಕಟ್ಟೆ ಮೇಲೆ ಕೂತಿದ್ದಳು, ಮೂರನೇ ದಿನ ಕಣ್ಣು ಕೆಂಪಾಯ್ತು, ಅಷ್ಟೊತ್ತಿಗೆ ಶಿಬಿರದವರು ಹೋಗಿಬಿಟ್ಟಿದ್ದರು. ಹಡಗಿನವರಿಗೂ ಇದೇ ತೊಡಕು. ಅದಕ್ಕೇ ಊರಿನ ಡಾಕ್ಟರ್‌ಗಳನ್ನು ಜೊತೆಗೇ ನಿಲ್ಲಿಸಿಕೊಂಡು ಆಪರೇಷನ್ ಮಾಡುವುದು ತುಂಬಾ ಮುಖ್ಯ.