ಪ್ಯಾಲೆಸ್ಟೀನ್ ರಾಷ್ಟ್ರೀಯವಾದಿ ಪಕ್ಷವೊಂದು ಇಸ್ರೇಲ್ ಸಂಸತ್ತಿಗೆ ಸ್ಪರ್ಧಿಸುವುದು ಹೇಗೆ?

ನೀವು ಕೇಳಿದ್ದು ಬಲದ್ ಪಕ್ಷದ ಬಗ್ಗೆ. ಇಸ್ರೇಲನ್ನು ವಿರೋಧಿಸುವವರು ಅಲ್ಲಿನ ಚುನಾವಣೆಗೇ ಯಾಕೆ ನಿಲ್ಲುತ್ತಾರೆ, ಅವರನ್ನು ನಿಲ್ಲಲು ಬಿಡುತ್ತಾರಾ ಅಂತ. ಅಲ್ಲಿನ ಚುನಾವಣೆಗಳನ್ನು ಗಮನಿಸುವ ನನಗೂ ಮೊದಲು ಇದೇ ಗೊಂದಲ ಇತ್ತು.

ಪ್ಯಾಲೆಸ್ಟೀನಿಯರು ಅಂದ ಕೂಡಲೇ ನಮಗೆ ಗಾಜಾ, ವೆಸ್ಟ್ ಬ್ಯಾಂಕ್ ನೆನಪಾಗುತ್ತವೆ ಅಲ್ವಾ? ಆದರೆ 1948ರ ಯುದ್ಧದ ನಂತರವೂ ಇಸ್ರೇಲ್ ಗಡಿಯೊಳಗೇ ಉಳಿದವರು ಇದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಆ ದೇಶದ ಪ್ರಜೆಗಳೇ, ಮತದಾರರೇ. ಅಲ್ಲಿನ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಅರಬ್ಬರು. ಬಲದ್ ಹುಟ್ಟಿದ್ದು ಇವರ ನಡುವೆ, 1995ರಲ್ಲಿ, ಅಜ್ಮಿ ಬಿಶಾರಾ ಮುಂದಾಳತ್ವದಲ್ಲಿ. ಅರಬ್ಬಿಯಲ್ಲಿ 'ಬಲದ್' ಅಂದರೆ ನಾಡು, ಊರು.

ಅವರ ಬೇಡಿಕೆ ಒಂದೇ ಮಾತಿನಲ್ಲಿದೆ: ಇಸ್ರೇಲ್ 'ಎಲ್ಲ ಪ್ರಜೆಗಳ ದೇಶ' ಆಗಬೇಕು, ಯಹೂದಿಗಳದ್ದು ಮಾತ್ರ ಅಲ್ಲ. ಜಗಳವೆಲ್ಲ ಇದರ ಸುತ್ತಲೇ. ಇಸ್ರೇಲ್ ಯಹೂದಿ ದೇಶ ಎಂಬುದನ್ನು ಅಲ್ಲಗಳೆಯುವ ಪಕ್ಷಗಳ ಅಭ್ಯರ್ಥಿ ಪಟ್ಟಿಗಳನ್ನು ತಡೆಯಲು ಅಲ್ಲಿ 1985ರಿಂದ ಕಾನೂನಿದೆ. ಅದನ್ನು ಹಿಡಿದು ಚುನಾವಣಾ ಸಮಿತಿ 2003, 2009, 2022ರಲ್ಲಿ ಬಲದ್‌ಗೆ ಸ್ಪರ್ಧಿಸಬಾರದು ಅಂದಿತು. ಮೂರು ಸಲವೂ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು. 2018ರ ಜೂನ್‌ನಲ್ಲಿ ಪಕ್ಷದ ಸದಸ್ಯರು ತಮ್ಮ ಬೇಡಿಕೆಯನ್ನೇ ಮಸೂದೆಯಾಗಿ ತಂದರು. ಅದು ಚರ್ಚೆಗೂ ಬರದಂತೆ ತಡೆಯಲಾಯಿತು. ಮುಂದಿನ ತಿಂಗಳೇ, ಇಸ್ರೇಲ್ ಯಹೂದಿ ಜನರ ರಾಷ್ಟ್ರ ಎಂಬ ಮೂಲ ಕಾನೂನು (ಅಲ್ಲಿ ಸಂವಿಧಾನದಂತಿರುವ ಕಾನೂನು) ಪಾಸಾಯಿತು.

ಯಹೂದಿಗಳ ಭಯ ಸುಮ್ನೆ ಹುಟ್ಟಿದ್ದಲ್ಲ. ಯುರೋಪಿನಲ್ಲಿ ಅರವತ್ತು ಲಕ್ಷ ಜನರನ್ನು ಕಳೆದುಕೊಂಡವರಿಗೆ ತಮ್ಮದೇ ಅಂತ ಒಂದು ದೇಶ ಬೇಕು ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಪಕ್ಷದ ಮೇಲೂ ಕಲೆಗಳಿವೆ. ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾಗೆ ನೆರವಾದ ಆರೋಪದ ತನಿಖೆ ನಡೆಯುತ್ತಿದ್ದಾಗ 2007ರಲ್ಲಿ ಬಿಶಾರಾ ದೇಶ ಬಿಟ್ಟರು. ಆರೋಪವನ್ನು ಅವರು ಒಪ್ಪಿಲ್ಲ. ಕೈದಿಗಳಿಗೆ ಮೊಬೈಲ್ ಸಾಗಿಸಿದ ಸಂಸದ ಬಾಸೆಲ್ ಘತ್ತಾಸ್ 2017ರಲ್ಲಿ ಜೈಲಿಗೆ ಹೋದರು. ಆದರೂ ಸಮಾನ ಪೌರತ್ವ ಕೇಳುವುದು ಉಗ್ರವಾದ ಅಂತ ನಾನು ಒಪ್ಪುವುದಿಲ್ಲ. ಅದನ್ನು ಮತಪೆಟ್ಟಿಗೆಯ ಮೂಲಕ ಕೇಳುತ್ತಿರುವುದೇ ನನಗೆ ಮುಖ್ಯ.

ನನಗೆ ಜಾಸ್ತಿ ಬೇಸರವಾದದ್ದು 2022ರ ನವೆಂಬರ್ ಚುನಾವಣೆ. ಅರಬ್ ಪಕ್ಷಗಳ ಒಕ್ಕೂಟ 2020ರಲ್ಲಿ 15 ಸೀಟು ಗೆದ್ದಿತ್ತು. ಆಮೇಲೆ ಅದು ಒಡೆಯಿತು. ಸಾಮಿ ಅಬು ಶೆಹಾದೆ ನೇತೃತ್ವದ ಬಲದ್ ಕೊನೆಗೆ ಒಂಟಿಯಾಗಿ ನಿಂತಿತು. ಅಲ್ಲಿ ಸೀಟು ಸಿಗಬೇಕಾದರೆ ಶೇ. 3.25 ಮತ ಬೇಕು. ಇವರಿಗೆ ಸಿಕ್ಕಿದ್ದು ಶೇ. 2.9, ಅಂದರೆ ಸುಮಾರು 1,38,000 ಮತ. ಇನ್ನೊಂದು ಹದಿನಾರು ಸಾವಿರ ಬಂದಿದ್ದರೆ ಸಾಕಿತ್ತು. ಅಷ್ಟೂ ಮತ ಲೆಕ್ಕಕ್ಕಿಲ್ಲದೆ ಹೋಯಿತು, ನೆತನ್ಯಾಹು ಬಣ 120ರಲ್ಲಿ 64 ಸೀಟು ಹಿಡಿದು ಅಧಿಕಾರಕ್ಕೆ ಬಂತು.