ಹವಾಮಾನ ಕೆಟ್ಟ ದಿನ ಬೆನ್ ಆಲ್ಡರ್‌ಗೆ ಒಬ್ಬನೇ ಹೋಗಬಹುದಾ?

ಗ್ಲಾಸ್ಗೋದಲ್ಲಿ ಓದ್ತಿದ್ದೀನಿ, ಕುಮಾರಪರ್ವತ, ಕುದುರೆಮುಖ ಎರಡನ್ನೂ ಮಳೆಯಲ್ಲೇ ಹತ್ತಿದ್ದೀನಿ, ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಬೆನ್ ಆಲ್ಡರ್ ಬೆಟ್ಟಕ್ಕೆ ಒಬ್ಬನೇ ಹೋಗಬೇಕು, ಮಳೆ ಗಾಳಿ ಇದ್ದರೂ ಪರವಾಗಿಲ್ವಾ ಅಂತ ಕೇಳಿದ್ದೀರಿ.

ಒಬ್ಬರೇ ಹೋಗಬಹುದು. ಆದರೆ ಈ ಅಕ್ಟೋಬರ್‌ನಲ್ಲಿ ಬೇಡ. ಮಂಜಿನಲ್ಲಿ ದಿಕ್ಸೂಚಿ ನಂಬಿ ನಡೆದು ರೂಢಿಯಾಗದೆ ಬೇಡವೇ ಬೇಡ. ಹೆದರಿಸಲು ಹೇಳುತ್ತಿಲ್ಲ. ನಾನೂ ಇಲ್ಲಿನ ಬೆಟ್ಟಗಳಿಗೆ ಹೆಚ್ಚಾಗಿ ಒಬ್ಬನೇ ಹೋಗುವವನು, ಆ ಖುಷಿ ನನಗೆ ಚೆನ್ನಾಗಿ ಗೊತ್ತು.

ಎತ್ತರ ನೋಡಿದರೆ ಬೆನ್ ಆಲ್ಡರ್ 1,148 ಮೀಟರ್. ಕುಮಾರಪರ್ವತ 1,712. ಹಾಗಾಗಿ ಇದು ಸುಲಭ ಅನ್ನಿಸೋದು ಸಹಜ. ಆದರೆ ನಮ್ಮ ಘಟ್ಟದ ಮಳೆಯಲ್ಲಿ ನೆನೆದರೆ ಜಿಗಣೆ ಕಾಟ, ಜಾರಿಕೆ, ಅಷ್ಟೇ. ಮೈ ಬೆಚ್ಚಗೇ ಇರುತ್ತದೆ. ಇಲ್ಲಿ ಪ್ರತಿ 100 ಮೀಟರ್ ಮೇಲೆ ಹೋದಂತೆ ಅರ್ಧದಿಂದ ಒಂದು ಡಿಗ್ರಿ ಚಳಿ ಏರುತ್ತದೆ, ಅದರ ಮೇಲೆ ಗಾಳಿ. ಒದ್ದೆ ಬಟ್ಟೆಯಲ್ಲಿ ಆ ಗಾಳಿಗೆ ನಿಂತರೆ ಸ್ವಲ್ಪ ಹೊತ್ತಿಗೇ ಬೆರಳು ಜಿಪ್ ಹಿಡಿಯೋದಿಲ್ಲ. ಬೆರಳು ಹೋದರೆ ಮ್ಯಾಪ್ ಬಿಚ್ಚೋಕೂ ಆಗಲ್ಲ, ಚೀಲದಿಂದ ಊಟ ತೆಗೆಯೋಕೂ ಆಗಲ್ಲ. ಅದಕ್ಕೇ ನಾನು ಎರಡು ಜೊತೆ ಹೆಚ್ಚುವರಿ ಕೈಗವಸು ಇಟ್ಟುಕೊಳ್ಳುತ್ತೇನೆ, ಜೇಬಿನಲ್ಲಿ, ಚೀಲದ ತಳದಲ್ಲಲ್ಲ.

ಎರಡನೆಯದು ದೂರ. ಡಾಲ್‌ವಿನ್ನಿ ರೈಲು ನಿಲ್ದಾಣದಿಂದ ಹೋಗಿ ಬರಲು ಸುಮಾರು 45 ಕಿಲೋಮೀಟರ್. ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಇಲ್ಲಿ ಎಲ್ಲರೂ ನೇಸ್ಮಿತ್ ಲೆಕ್ಕ ಹಾಕುತ್ತಾರೆ, 1892ರಿಂದ ಬಂದದ್ದು: ಗಂಟೆಗೆ 5 ಕಿಲೋಮೀಟರ್, ಜೊತೆಗೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಹಾಗೆ ನೋಡಿದರೂ ಹತ್ತು ಗಂಟೆ ದಾಟುತ್ತದೆ, ಕೂತು ಒಂದು ಬಿಸ್ಕತ್ತು ತಿನ್ನದೆ. ಕೆಸರು, ಎದುರುಗಾಳಿ, ಉಕ್ಕಿದ ಹಳ್ಳ ಸೇರಿಸಿದರೆ ಇನ್ನೂ ಜಾಸ್ತಿ. ಹಳ್ಳದ ವಿಷಯ ಸುಮ್ನೆ ಹೇಳಿದ್ದಲ್ಲ. ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಹಾರಿದ ಜಾಗದಲ್ಲಿ ಸಂಜೆ ತೊಡೆಯುದ್ದ ನೀರು ಓಡುತ್ತಿರಬಹುದು. ಸೈಕಲ್ ಇದ್ದರೆ ಎರಿಖ್ಟ್ ಸರೋವರದ ಪಕ್ಕದ ಜೀಪ್ ದಾರಿಯಲ್ಲಿ ಬಹಳ ಸಮಯ ಉಳಿಯುತ್ತದೆ. ನಾನು ಸೈಕಲ್ ಇಲ್ಲದೆ ಅಲ್ಲಿಗೆ ಹೋಗೋದಿಲ್ಲ.

ಮೂರನೆಯದೇ ನನ್ನ ಮಟ್ಟಿಗೆ ಮುಖ್ಯ. ಬೆನ್ ಆಲ್ಡರ್‌ನಲ್ಲಿ ಕಷ್ಟ ಇರೋದು ಹತ್ತುವುದರಲ್ಲಲ್ಲ, ಹತ್ತಿದ ಮೇಲೆ. ಘಟ್ಟದ ಬೆಟ್ಟಗಳಲ್ಲಿ ಏಣು ಹಿಡಿದು ಹೋದರೆ ತುದಿ ಸಿಗುತ್ತದೆ. ಇದರ ತಲೆ ಸಾವಿರ ಮೀಟರಿಗೂ ಮೇಲೆ ದೊಡ್ಡ ಬಯಲು. ಮೋಡ ಇಳಿದರೆ ಎಲ್ಲ ದಿಕ್ಕೂ ಒಂದೇ ಥರ. ಪೂರ್ವದಲ್ಲಿ ಮಾತ್ರ ಆ ಬಯಲು ತಟ್ಟನೆ ಮುಗಿದು ಪ್ರಪಾತ. ಬೇಸಿಗೆ ಶುರುವಾದ ಮೇಲೂ ಅಂಚಿನಲ್ಲಿ ಹಿಮದ ಚಾಚು ಉಳಿದಿರಬಹುದು. ಅದರ ಕೆಳಗೆ ನೆಲ ಇರೋದಿಲ್ಲ.

ನಾನು ಜೂನ್‌ನಲ್ಲಿ ಹೋದಾಗ ಬೆಟ್ಟಕ್ಕೂ ಪಕ್ಕದ ಬೆನ್ ವೀಯಲ್‌ಗೂ ನಡುವಿನ ತಗ್ಗಿನಿಂದಲೇ ಮೋಡ ಶುರುವಾಗಿತ್ತು. ಅಲ್ಲಿಂದ ಪಶ್ಚಿಮಕ್ಕೆ ಏರಿ, ಆಮೇಲೆ ಪ್ರಪಾತವನ್ನು ಬಲಕ್ಕೆ ಬಿಟ್ಟು ಉತ್ತರಕ್ಕೆ ಹೋಗಬೇಕು. ದಿಕ್ಸೂಚಿಯ ಮುಳ್ಳು ನೋಡಿ ಇಪ್ಪತ್ತು ಹೆಜ್ಜೆ ಮುಂದಿನ ಒಂದು ಕಲ್ಲು ಗುರುತಿಸೋದು, ಅಲ್ಲಿಗೆ ಹೋಗೋದು, ಮತ್ತೆ ಮುಳ್ಳು ನೋಡೋದು. ನನಗೆ ಸಮತಟ್ಟಾದ ನೆಲದಲ್ಲಿ 65 ಜೋಡಿ ಹೆಜ್ಜೆಗೆ 100 ಮೀಟರ್ ಆಗುತ್ತದೆ. ಪ್ರತಿ ನೂರು ಮೀಟರಿಗೆ ಒಂದು ಬೆಣಚುಕಲ್ಲು ಎಡ ಜೇಬಿನಿಂದ ಬಲ ಜೇಬಿಗೆ. ಕಾಲ ಬುಡದಲ್ಲೇ ಒಂದು ಟಾರ್ಮಿಗನ್ ಹಕ್ಕಿ ಗೊರಗೊರ ಅಂತ ಎದ್ದು ಓಡಿತು. ಬೂದು ಕಂದು ಬಣ್ಣ, ಎದ್ದು ಓಡುವ ತನಕ ಅದೂ ಒಂದು ಕಲ್ಲೇ. ಎಣಿಕೆ ತಪ್ಪದಿರಲೆಂದು ಬಾಯಲ್ಲಿ ಜೋರಾಗಿ ಎಣಿಸುತ್ತಾ ನಿಂತು ನೋಡಿದೆ. ಇನ್ನೊಂದಷ್ಟು ಕಲ್ಲು ಜೇಬು ಬದಲಾಯಿಸಿದ ಮೇಲೆ ಸರ್ವೆ ಕಂಬ ಮೂರು ಮಾರು ದೂರದಲ್ಲಿ ಕಾಣಿಸಿತು. ನೋಟ ಏನೂ ಇರಲಿಲ್ಲ. ಆದರೂ ನನಗೆ ಅದಕ್ಕಿಂತ ಇಷ್ಟವಾದ ಶಿಖರ ಇನ್ನೊಂದಿಲ್ಲ, ಏಕೆಂದರೆ ಅಲ್ಲಿಗೆ ದಾರಿ ತೋರಿಸಿದ್ದು ಕಾಲುದಾರಿಯೂ ಅಲ್ಲ, ಫೋನೂ ಅಲ್ಲ.

ಇನ್ನೊಂದು ಸಲ ಅದೇ ತಗ್ಗಿನಿಂದ ವಾಪಸ್ ಬಂದೆ. ಗಾಳಿಗೆ ನೆಟ್ಟಗೆ ನಿಲ್ಲಲು ಆಗದಿದ್ದರೆ ಅಲ್ಲಿಂದ ಮುಂದೆ ಇಲ್ಲ ಅಂತ ಮನೆಯಲ್ಲೇ ತೀರ್ಮಾನ ಆಗಿತ್ತು. ಒಬ್ಬರೇ ಹೋಗುವಾಗ ಈ ತೀರ್ಮಾನ ಬೆಟ್ಟದ ಮೇಲೆ ಮಾಡಬಾರದು. ಅಲ್ಲಿ ವಾದ ಮಾಡುವವರು ಯಾರೂ ಇರೋದಿಲ್ಲ, ಅಲ್ವಾ? ಗಾಳಿಯ ವಿಷಯದಲ್ಲಿ ಜೊತೆ ಇದ್ದರೂ ರಕ್ಷಣೆ ಇಲ್ಲ. 1951ರ ಡಿಸೆಂಬರ್ ಕೊನೆಯಲ್ಲಿ ಕೊರೌರ್ ಎಂಬ ಜಾಗದ ಕಡೆಯಿಂದ ಬೆಟ್ಟದ ಬುಡದ ಬೆನ್ ಆಲ್ಡರ್ ಕಾಟೇಜ್ ಎಂಬ ಒಂಟಿ ಮನೆಗೆ ಹೊರಟ ಐವರಲ್ಲಿ ನಾಲ್ವರು ಬಿರುಗಾಳಿಯಲ್ಲಿ ಸತ್ತರು. ಅವರು ಶಿಖರಕ್ಕೂ ಹೊರಟಿರಲಿಲ್ಲ.

ಇನ್ನು ನಿಮ್ಮ ಅಕ್ಟೋಬರ್. ತಿಂಗಳ ಕೊನೆಗೆ ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. 45 ಕಿಲೋಮೀಟರ್ ಆ ಬೆಳಕಿನಲ್ಲಿ ಮುಗಿಯೋದಿಲ್ಲ. ತಿಂಗಳ ಮೊದಲ ಭಾಗದಲ್ಲಿ ಗಂಡು ಜಿಂಕೆ ಬೇಟೆ ಬೇರೆ ಜೋರಾಗಿರುತ್ತದೆ. ಸ್ಕಾಟ್ಲೆಂಡಿನ 2003ರ ಕಾನೂನಿನಂತೆ ನಡೆಯುವ ಹಕ್ಕು ನಿಮಗಿದೆ, ಆದರೂ ಆ ಜಮೀನಿನ ಎಸ್ಟೇಟಿನವರನ್ನು ಕೇಳಿ ಹೋಗೋದು ಮರ್ಯಾದೆ. ಅದರ ಬದಲು ಈ ಚಳಿಗಾಲಕ್ಕೆ ಮೊದಲು ಸ್ಟರ್ಲಿಂಗ್ ಹತ್ತಿರದ ಓಕಿಲ್ ಗುಡ್ಡಗಳಿಗೆ ಹೋಗಿ. ಟಿಲಿಕೂಟ್ರಿಯಿಂದ ಬೆನ್ ಕ್ಲೂಖ್, 721 ಮೀಟರ್, ಹುಲ್ಲಿನ ಗುಂಡು ಬೆಟ್ಟ. ಬೇಕೆಂದೇ ಮೋಡದ ದಿನ ಹೋಗಿ, ಫೋನ್ ಚೀಲದೊಳಗಿಟ್ಟು ಮ್ಯಾಪ್ ಮತ್ತು ದಿಕ್ಸೂಚಿಯಲ್ಲೇ ನಡೆಯಿರಿ. ಸರಿಯಾದ ಕಲ್ಲುಗುಪ್ಪೆಗೆ ಹೋಗಿ ಮುಟ್ಟುವುದು ರೂಢಿಯಾದರೆ ಬರುವ ಜೂನ್‌ಗೆ ನೀವು ತಯಾರು. ಆಗ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಗಾಳಿ ಇದ್ದರೆ ಕಚ್ಚುವ ಮಿಜ್ ನೊಣಗಳೂ ಹತ್ತಿರ ಬರೋದಿಲ್ಲ.

ಹೊರಡುವ ಹಿಂದಿನ ಸಂಜೆ ಬೆಟ್ಟಗಳ ಹವಾಮಾನವನ್ನೇ ಹೇಳುವ ಎಂ.ಡಬ್ಲ್ಯೂ.ಐ.ಎಸ್. ಸೇವೆಯ ಮುನ್ಸೂಚನೆ ನೋಡಿ. ಪೇಟೆಯ ಹವಾಮಾನ ನೋಡಿ ಪ್ರಯೋಜನ ಇಲ್ಲ. ದಾರಿ ಮತ್ತು ವಾಪಸ್ ಬರುವ ಸಮಯ ರೂಮ್‌ಮೇಟ್‌ಗೆ ಬರೆದು ಕೊಡಿ. ಏನಾದರೂ ಆದರೆ 999, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ಸಿಗ್ನಲ್ ಕಮ್ಮಿ ಇರುವ ಕಡೆ ಎಸ್ಸೆಮ್ಮೆಸ್ ಹೋಗಬಹುದು, ಆದರೆ ಅದಕ್ಕೆ 'ರಿಜಿಸ್ಟರ್' ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಕಳಿಸಿ ಮೊದಲೇ ನೋಂದಾಯಿಸಿರಬೇಕು. ಎರಡು ನಿಮಿಷದ ಕೆಲಸ, ಇವತ್ತೇ ಮಾಡಿ.