ಪರ್ಸಿ ಜಾಕ್ಸನ್ ಓದುವ ಮೊದಲು ಮಗನಿಗೆ ಗ್ರೀಕ್ ಪುರಾಣ ಓದಿಸಬೇಕಾ?

ಮಗನಿಗೆ 11 ವರ್ಷ, ಓದು ಅಂದರೆ ಅಷ್ಟಕ್ಕಷ್ಟೇ, ಆದರೆ ಗೆಳೆಯರನ್ನು ನೋಡಿ 'ಪರ್ಸಿ ಜಾಕ್ಸನ್' ಅನ್ನುವ ಇಂಗ್ಲಿಷ್ ಮಕ್ಕಳ ಕಾದಂಬರಿ ಸರಣಿ ಬೇಕು ಅನ್ನುತ್ತಿದ್ದಾನೆ ಅಂತ ಬರೆದಿದ್ದೀರಿ. ಗ್ರೀಕ್ ದೇವರುಗಳ ಹೆಸರೂ ಗೊತ್ತಿಲ್ಲದ ಹುಡುಗನಿಗೆ ಮೊದಲು ಪುರಾಣದ ಪುಸ್ತಕ ಓದಿಸಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಬೇಡ. ಮೊದಲು ಕಥೆ ಕೊಡಿ, ಪುರಾಣ ಆಮೇಲೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಅಕ್ಕನ ಮಗನಿಗೆ ಒಂದು ಬೇಸಿಗೆ ರಜೆಯಲ್ಲಿ ಮೊದಲ ಪುಸ್ತಕ 'ದಿ ಲೈಟ್ನಿಂಗ್ ಥೀಫ್' ಓದಿದ್ದು ನಾನೇ. ರಾತ್ರಿ ಊಟ ಆದ ಮೇಲೆ ಒಂದು ಅಧ್ಯಾಯ. ಇಂಗ್ಲಿಷ್‌ನಲ್ಲಿ ಓದೋದು, ಅವನಿಗೆ ಎಲ್ಲಿ ಅರ್ಥ ಆಗಲಿಲ್ಲವೋ ಅಲ್ಲಿ ಕನ್ನಡದಲ್ಲಿ ಹೇಳೋದು. ಒಂದು ವಾರ ಕಳೆಯುವಷ್ಟರಲ್ಲಿ ನಾನು ಬರುವುದಕ್ಕೆ ಮೊದಲೇ ಅವನು ಮುಂದಿನ ಎರಡು ಪುಟ ತಡವರಿಸಿಕೊಂಡು ಓದಿ ಮುಗಿಸಿರುತ್ತಿದ್ದ.

ಈ ಕಥೆ ಹುಟ್ಟಿದ್ದೂ ರಾತ್ರಿ ಮಲಗುವ ಹೊತ್ತಿನಲ್ಲೇ. ಇದನ್ನು ಬರೆದ ರಿಕ್ ರಿಯೊರ್ಡನ್ ಅಮೆರಿಕದ ಟೆಕ್ಸಾಸ್‌ನವರು, ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅವರ ಮಗನಿಗೆ ಡಿಸ್ಲೆಕ್ಸಿಯಾ (ಅಕ್ಷರ ಓದಲು ಕಷ್ಟವಾಗುವುದು) ಮತ್ತು ಎಡಿಎಚ್‌ಡಿ (ಗಮನ ನಿಲ್ಲದೆ ಚಡಪಡಿಸುವುದು) ಇತ್ತು. ಅವನಿಗೆ ದಿನಾ ಗ್ರೀಕ್ ಪುರಾಣದ ಕಥೆ ಹೇಳುತ್ತಿದ್ದರು. ಗೊತ್ತಿದ್ದ ಕಥೆಗಳೆಲ್ಲ ಖಾಲಿಯಾದಾಗ ಹೊಸದು ಹೇಳು ಅಂತ ಮಗ ಹಟ ಹಿಡಿದ. ಆಗ ಹುಟ್ಟಿದವನು ಪರ್ಸಿ. ಪುಸ್ತಕ ಬಂದದ್ದು 2005ರಲ್ಲಿ.

ಪರ್ಸಿಗೆ 12 ವರ್ಷ. ಪುಟದ ಮೇಲಿನ ಅಕ್ಷರಗಳು ಅವನ ಕಣ್ಣಿಗೆ ತೇಲಾಡುತ್ತವೆ. ಒಂದು ಕಡೆ ಕೂರಲು ಆಗುವುದಿಲ್ಲ. ಶಾಲೆಯಿಂದ ಶಾಲೆಗೆ ಹೊರಗೆ ಹಾಕಿಸಿಕೊಂಡವನು. ತಾನು ದಡ್ಡ ಅಂತಲೇ ನಂಬಿದ್ದಾನೆ. ಆಮೇಲೆ ತಿಳಿಯುತ್ತದೆ, ಅವನು ಸಮುದ್ರ ದೇವರು ಪೊಸೈಡನ್‌ನ ಮಗ. ಅವನ ಮೆದುಳು ಹಳೆಯ ಗ್ರೀಕ್ ಓದಲು ಸಜ್ಜಾಗಿರುವುದರಿಂದ ಇಂಗ್ಲಿಷ್ ಅಕ್ಷರ ಕಲಸಿಹೋಗುತ್ತವೆ. ಆ ಚಡಪಡಿಕೆ ಯುದ್ಧದಲ್ಲಿ ಜೀವ ಉಳಿಸುವ ಚುರುಕುತನ. ಇದನ್ನು ಓದಿದ ರಾತ್ರಿ ನಮ್ಮ ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಆ ಪುಟ ಇನ್ನೊಮ್ಮೆ ಓದು ಅಂದ. ನಿಮ್ಮ ಮಗನಿಗೆ ನಿಜವಾಗಿಯೂ ಅಕ್ಷರ ಹಿಡಿಯಲು ಕಷ್ಟವಾಗುತ್ತಿದ್ದರೆ ಅದನ್ನು ತಿಳಿದವರಿಗೆ ತೋರಿಸಲೇಬೇಕು, ಆ ಕೆಲಸವನ್ನು ಪುಸ್ತಕ ಮಾಡುವುದಿಲ್ಲ. ಆದರೆ ತನ್ನಂಥ ಹುಡುಗ ಕಥೆಯ ನಾಯಕನಾಗಿರುವುದನ್ನು ನೋಡುವುದು ಸಣ್ಣ ವಿಷಯವಲ್ಲ.

ಇನ್ನು ಪುರಾಣ. ಪರ್ಸಿಗೂ ಏನೂ ಗೊತ್ತಿರುವುದಿಲ್ಲ, ಅಲ್ವಾ? ಅವನ ಜೊತೆಗೇ ಓದುವವನೂ ಕಲಿಯುತ್ತಾನೆ. ದೇವತೆಗಳ ಒಲಿಂಪಸ್ ಈಗ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿದೆ. ತನ್ನ ಮುಖ ನೋಡಿದವರನ್ನು ಕಲ್ಲು ಮಾಡುವ ರಾಕ್ಷಸಿ ಮೆಡೂಸಾ ನ್ಯೂಜೆರ್ಸಿಯ ರಸ್ತೆ ಬದಿಯಲ್ಲಿ ಕಲ್ಲಿನ ಬೊಂಬೆಗಳ ಅಂಗಡಿ ಇಟ್ಟಿದ್ದಾಳೆ. ಆ ಬೊಂಬೆಗಳು ಎಲ್ಲಿಂದ ಬಂದವು ಅನ್ನೋದು ಮೊದಲೇ ಗೊತ್ತಿದ್ದರೆ ಆ ಅಧ್ಯಾಯದ ಭಯವೇ ಹೋಗಿಬಿಡುತ್ತದೆ. ನಾನು ಬೇಡ ಅನ್ನಲು ಇದೇ ದೊಡ್ಡ ಕಾರಣ.

ಪುಸ್ತಕ ಮುಗಿದ ಮೇಲೆ ಗ್ರೀಕ್ ಪುರಾಣದ ವೀರ ಪರ್ಸಿಯಸ್‌ನ ಹಳೆಯ ಕಥೆ ಹೇಳಿ. ನಾನು ಹಾಗೇ ಮಾಡಿದೆ. ಮೊಮ್ಮಗನಿಂದ ಸಾವು ಅಂತ ಭವಿಷ್ಯ ಕೇಳಿದ ರಾಜ, ಮಗಳು ಡಾನಾಯಿಯನ್ನೂ ಅವಳ ಕೂಸು ಪರ್ಸಿಯಸ್‌ನನ್ನೂ ಮರದ ಪೆಟ್ಟಿಗೆಯಲ್ಲಿ ಹಾಕಿ ಸಮುದ್ರಕ್ಕೆ ಬಿಡುತ್ತಾನೆ. ಇಷ್ಟು ಹೇಳುವಷ್ಟರಲ್ಲೇ ಹುಡುಗ "ಕರ್ಣನ ಥರಾನೇ!" ಅಂದ. ದೇವರಿಗೆ ಹುಟ್ಟಿದ ಮಕ್ಕಳು ನಮ್ಮ ಮಕ್ಕಳಿಗೆ ಹೊಸಬರೇನಲ್ಲ. ಕರ್ಣ, ಭೀಮ, ಅರ್ಜುನರ ಕಥೆ ಕೇಳಿದ್ದರೆ ಸಾಕು, ತಯಾರಿ ಆದಂತೆಯೇ.

ಪೆಟ್ಟಿಗೆ ಒಂದು ದ್ವೀಪದ ದಡ ಸೇರುತ್ತದೆ. ಹುಡುಗ ಬೆಳೆಯುತ್ತಾನೆ. ಅಲ್ಲಿನ ರಾಜ ಪಾಲಿಡೆಕ್ಟಿಸ್‌ಗೆ ಡಾನಾಯಿ ಮೇಲೆ ಕಣ್ಣು. ಮಗನನ್ನು ದೂರ ಕಳಿಸಲು ಮೆಡೂಸಾಳ ತಲೆ ತಾ ಅನ್ನುತ್ತಾನೆ. ಪರ್ಸಿಯಸ್ ತಂದೇಬಿಡುತ್ತಾನೆ, ಅದೇ ತಲೆ ತೋರಿಸಿ ರಾಜನನ್ನು ಕಲ್ಲು ಮಾಡಿ ತಾಯಿಯನ್ನು ಉಳಿಸುತ್ತಾನೆ.

ಈಗ ಹೊಸ ಪುಸ್ತಕಕ್ಕೆ ಬನ್ನಿ. (ಕೊನೆ ಹೇಳುತ್ತಿದ್ದೇನೆ, ಮಗನಿಗೆ ತೋರಿಸಬೇಡಿ.) ಪರ್ಸಿಯ ತಾಯಿ ಸ್ಯಾಲಿಯ ಗಂಡ ಗೇಬ್ ಕೆಟ್ಟವನು, ಅವಳ ಮೇಲೆ ಕೈ ಮಾಡುವವನು. ಪರ್ಸಿ ಒಲಿಂಪಸ್‌ಗೆ ಪಾರ್ಸೆಲ್ ಮಾಡಿದ್ದ ಮೆಡೂಸಾಳ ತಲೆ ಕೊನೆಯಲ್ಲಿ ವಾಪಸ್ ಬಂದಿರುತ್ತದೆ. ಹಳೆಯ ಕಥೆಯಂತೆ ಅವನೇ ಗೇಬ್‌ನನ್ನು ಕಲ್ಲು ಮಾಡಬಹುದಿತ್ತು. ಮಾಡುವುದಿಲ್ಲ. ತನ್ನ ಬದುಕಿನ ತೀರ್ಮಾನ ತಾನೇ ತೆಗೆದುಕೊಳ್ಳಬೇಕು ಅನ್ನುತ್ತಾಳೆ ತಾಯಿ. ಮಗ ಪೆಟ್ಟಿಗೆಯನ್ನು ಅವಳಿಗೇ ಬಿಟ್ಟು ಹೊರಡುತ್ತಾನೆ. ಹಳೆಯ ಕಥೆಯಲ್ಲಿ ಮಗ ಕಾಪಾಡಿದ, ಹೊಸದರಲ್ಲಿ ತಾಯಿ ತನ್ನನ್ನು ತಾನೇ ಕಾಪಾಡಿಕೊಂಡಳು. ಎರಡನ್ನೂ ಕೇಳಿದ ಹುಡುಗ ಇದನ್ನು ತಾನೇ ಕಂಡುಹಿಡಿದ, ನಾನು ಬಾಯಿ ಬಿಡಲಿಲ್ಲ. ಮೊದಲೇ ಪುರಾಣ ಓದಿಸಿದ್ದರೆ ಅದು ಅವನಿಗೆ ಪಾಠವಾಗುತ್ತಿತ್ತು. ಈಗ ಅದು ಅವನದೇ ಶೋಧ.

ಗೇಬ್‌ನ ವಿಷಯ ಮಾತ್ರ ನೀವು ಮೊದಲೇ ಓದಿಕೊಂಡಿರಿ. ಹುಡುಗ ಆ ಬಗ್ಗೆ ಕೇಳಿದಾಗ ಉತ್ತರ ಇರಬೇಕು. ಮುಂದಿನ ಪುಸ್ತಕಗಳಲ್ಲಿ ಸಾವುಗಳೂ ಇವೆ, ಒಳ್ಳೆಯವರೂ ಸಾಯುತ್ತಾರೆ.

ಮೊದಲ ಸರಣಿಯಲ್ಲಿ ಐದು ಪುಸ್ತಕ, ಕೊನೆಯದು 2009ರದು. ಬಿಡಿಬಿಡಿಯಾಗಿ ಓದಬೇಡಿ, ಕ್ರಮದಲ್ಲೇ ಓದಿ. ಸಿನಿಮಾವನ್ನೂ ಮೊದಲು ತೋರಿಸಬೇಡಿ. ಅವನಿಗೆ ಓದು ಭಾರ ಅನ್ನಿಸಿದರೆ ಆಡಿಯೊ ಪುಸ್ತಕ ಹಾಕಿ, ಕೇಳುತ್ತಾ ಪುಟದ ಮೇಲೆ ಬೆರಳಿಟ್ಟು ಹೋಗಲಿ. ಐದೂ ಮುಗಿದ ಮೇಲೆ ರೋಶನಿ ಚೋಕ್ಷಿಯವರ 'ಆರು ಶಾ' ಸರಣಿ ಕೊಡಿ. 2018ರಲ್ಲಿ ಶುರುವಾದ ಅದು ಪಾಂಡವರ ಕಥೆಯನ್ನು ಇಂದಿನ ಹುಡುಗಿಯರ ಕೈಗೆ ಕೊಟ್ಟಿದೆ.

ಎರಡನೇ ಪುಸ್ತಕಕ್ಕೆ ನೀವು ತಯಾರಾಗಬೇಕಾದ ಕಥೆ ಇನ್ನೊಬ್ಬ ಗ್ರೀಕ್ ವೀರ ಒಡಿಸ್ಸಿಯಸ್‌ನದು. ಒಂಟಿಕಣ್ಣಿನ ರಾಕ್ಷಸನ ಗವಿ, ಹಾಡಿ ಸೆಳೆಯುವ ಸೈರನ್‌ಗಳು, ಹಡಗಿನ ಕಂಬಕ್ಕೆ ಕಟ್ಟಿಸಿಕೊಳ್ಳುವುದು, ಎಲ್ಲ ಅದರಲ್ಲಿ ಬರುತ್ತವೆ. ನೀವು ಓದಿಟ್ಟುಕೊಳ್ಳಿ. ಅವನು ಕೊನೆಯ ಪುಟ ಮುಗಿಸುವವರೆಗೆ ಹೇಳಬೇಡಿ.